ಡಬ್ಬಿಯ ಮೇಲಿನ ಊರು

ಜೋಗೇಶ್ವರಿ (ಪೂರ್ವ), ಮುಂಬಯಿ
೧೭ ಮಾರ್ಚ್ ೧೯೯೧, ಭಾನುವಾರ

ಗೆಳೆಯ ಶೆಟ್ಟೆಪ್ಪ ಮಾಸ್ತರನಿಗೆ ಅಣ್ಣುವಿನ ನಮಸ್ಕಾರ.

ಇಲ್ಲಿ ನಾವು ಚೆನ್ನಾಗಿದ್ದೇವೆ. ವಾರಿಜಾಳ ಮಂಡಿನೋವು ಮಾತ್ರ ನಮ್ಮ ಬೂಟಿನ ಕಾರ್ಖಾನೆಯ ಯಾವ ಆಳಿಗಿಂತಲೂ ನಿಯತ್ತಾಗಿ ದಿನಾ ಬೆಳಿಗ್ಗೆ ಏಳಕ್ಕೆ ಹಾಜರಾಗುತ್ತದೆ. ನಿನ್ನ ಮನೆಯಲ್ಲಿ ಎಲ್ಲರೂ ಸುಖವಾಗಿರಲಿ. ನಿನ್ನ ಮೂರು ಕಾಗದಗಳು ಬಂದವು. ಒಂದಕ್ಕೂ ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು ಅಂದರೆ ನೀನು ನಂಬುವವನಲ್ಲ. ಮಾಟುಂಗದ ಹೋಟೆಲಿನಲ್ಲಿ ಒಂದೇ ಮೋರಿಯ ಮುಂದೆ ಕೂತು ಕಪ್ಪು-ಬಸಿ ತೊಳೆದವರು ನಾವು, ನೈಟ್ ಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ತೂಕಡಿಸಿದವರು. ಕೆಲಸ ಹೆಚ್ಚಿದಷ್ಟೂ ನಾನು ಮಾತು ಹೆಚ್ಚಿಸುವವನು ಎನ್ನುವುದು ನಿನಗೆ ಗೊತ್ತು. ಆದ್ದರಿಂದ ನೆಪ ಹೇಳುವುದಿಲ್ಲ. ತಡವಾಯಿತು, ಕ್ಷಮಿಸು.

ಬಸ್ತ್ಯಾಂವನ ವಿಷಯದಲ್ಲಿ ನಿಜಕ್ಕೂ ನಡೆದದ್ದೇನು ಎಂದು ಕೇಳಿದ್ದೀಯ. ಮೊದಲು ಖರ್ಚಿನ ಪಟ್ಟಿ ಕೊಡುತ್ತೇನೆ. ಅದಿಲ್ಲದೆ ನನಗೆ ಯಾವ ಮಾತನ್ನೂ ಶುರುಮಾಡಲು ಬರುವುದಿಲ್ಲ. ಹೊಸ ಬೂಟಿಗೆ ಮರದ ಅಚ್ಚು ಕೆತ್ತಿಸಿದ್ದು ಏಳುನೂರು. ಫೋಟೋದವನಿಗೆ ಮುನ್ನೂರು. ನಾಲ್ಕು ಸಾವಿರ ರಟ್ಟಿನ ಡಬ್ಬಿ, ಮೂರು ಬಣ್ಣದ ಪ್ರಿಂಟಿಂಗ್ ಸೇರಿ ಐದು ಸಾವಿರ. ಅದೇ ಡಬ್ಬಿಗಳ ಮೇಲೆ ಆಮೇಲೆ ಅಂಟಿಸಿದ ಪಟ್ಟಿಗೆ ಇನ್ನೂರಿಪ್ಪತ್ತು. ವಾಪಸು ಬಂದ ಆರುನೂರು ಜೋಡಿಯನ್ನು ಸಿಕ್ಕಿದ ಬೆಲೆಗೆ ಕಳೆದದ್ದರಲ್ಲಿ ನಷ್ಟ ಒಂಬತ್ತು ಸಾವಿರ. ಟೈಪಿಂಗ್, ಝೆರಾಕ್ಸ್, ಮಾಟುಂಗಕ್ಕೆ ಇಪ್ಪತ್ತಾರು ಸಲ ಹೋಗಿಬಂದ ಟ್ರೇನು, ಅಲ್ಲಿ ಕುಡಿಸಿದ ಕಾಫಿ, ಮುನ್ನೂರೆಂಬತ್ತು. ಒಟ್ಟು ಹದಿನೈದು ಸಾವಿರದ ಆರುನೂರು. ಇದು ನನ್ನ ಕಡೆಯದು. ಬಸ್ತ್ಯಾಂವನ ಕಡೆಯಿಂದ ಒಂದು ಕಾಯಂ ನೌಕರಿ ಮತ್ತು ಎರಡು ವರ್ಷದ ಓಟ. ಓಡುವವನಿಗೆ ಇಪ್ಪತ್ತಮೂರರಿಂದ ಇಪ್ಪತ್ತೈದು ಎಂದರೆ ಎಂಥ ವಯಸ್ಸು ಅಂತ ಡ್ರಿಲ್ ಮಾಸ್ತರನಿಗೆ ನಾನು ಹೇಳಿಕೊಡಬೇಕಿಲ್ಲ.

ನೀನು ಅವನನ್ನು ಕಳಿಸಿದ್ದು ಎಂಬತ್ತೇಳರ ಜೂನ್‌ನಲ್ಲಿ. ಕೈಯಲ್ಲಿ ನಿನ್ನ ಚೀಟಿ. ‘ಅಣ್ಣು, ಇಂವ ಬಸ್ತ್ಯಾಂವ ಸಿದ್ದಿ. ನನ್ನ ಸಾಲಿಯೊಳಗ ಇಂವನಂಗ ಓಡಿದಂವ ಇಲ್ಲ. ಕಾಲು ದೇವರು ಕೊಟ್ಟಾನ, ಬೂಟು ನೀ ಕೊಡು’ ಎಂದು ಬರೆದಿದ್ದೆ. ನಾನು ಬೂಟಿನ ಜೊತೆಗೆ ಸೋಲ್ ಒತ್ತುವ ಮೆಷಿನ್ನಿನ ಮೇಲೆ ಕೆಲಸವನ್ನೂ ಕೊಟ್ಟೆ, ಮಲಗಲು ಕಾರ್ಖಾನೆಯ ಅಟ್ಟವನ್ನೂ ಕೊಟ್ಟೆ. ಬೆಳಗಾಗುವ ಮುಂಚೆ ಎದ್ದು ಆರೇ ಕಾಲೊನಿಯ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್ ಓಡಿ, ಎಂಟಕ್ಕೆ ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದ.

ಸಿದ್ದಿ ಅಂದರೆ ಯಾರು ಅಂತ ವಾರಿಜಾಳಿಗೂ ಗೊತ್ತಿರಲಿಲ್ಲ. ಅವನ ಗುಂಗುರು ಕೂದಲು, ಬಣ್ಣ ನೋಡಿ ಒಂದು ವಾರ ಅವನೊಡನೆ ಹಿಂದಿಯಲ್ಲೇ ಮಾತಾಡಿದಳು. ಅವನು ಎಲ್ಲಕ್ಕೂ ಕನ್ನಡದಲ್ಲೇ ಉತ್ತರ ಕೊಟ್ಟ. ಕಡೆಗೆ ಅವಳೇ ನಾಚಿ ಕೇಳಿದಾಗ ಹೇಳಿದ: “ನೂರಾರು ವರ್ಷದ ಹಿಂದೆ ನಮ್ಮ ಹಿರೇರನ್ನ ಆಫ್ರಿಕಾದಿಂದ ಹಡಗದಾಗೆ ತುಂಬ್ಕಂಡು ಬಂದ್ರಂತೆ ಅಕ್ಕಾ, ಆಳು ಮಾಡ್ಕಳ್ಳಕ್ಕೆ. ಅವ್ರು ತಪ್ಪಿಸ್ಕಂಡು ಯಲ್ಲಾಪುರದ ಕಾಡಿಗೆ ಓಡಿ ಬಂದ್ರು. ಓಡೂದು ನಮಗೆ ಅಂದಿನಿಂದ್ಲೂ ರೂಢಿ.” ವಾರಿಜಾ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಂದಿನಿಂದ ಅವನ ಊಟ ನಮ್ಮ ಮನೆಯಲ್ಲೇ.

ಆದರೆ ಊರೆಲ್ಲ ವಾರಿಜಾ ಅಲ್ಲವಲ್ಲ. ಚಾಳಿನ ಮಕ್ಕಳು ಆಫ್ರಿಕಾದವನೆಂದು “ಹಬ್ಶೀ, ಹಬ್ಶೀ” ಕೂಗುತ್ತ ಹಿಂದೆ ಓಡುತ್ತಿದ್ದವು. ರೇಷನ್ ಅಂಗಡಿಯವನು “ವೀಸಾ ದಿಖಾವ್” ಎಂದು ತಮಾಷೆ ಮಾಡುತ್ತಿದ್ದ. ಲೋಕಲ್‌ನಲ್ಲಿ ಅವನ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ಬೊರಿವಲಿ ಲೋಕಲ್‌ನಲ್ಲಿ ಸೀಟು ಖಾಲಿ ಉಳಿಯುವುದು ಎಂದರೆ ಏನು ಅಂತ ನೀನೇ ಲೆಕ್ಕ ಹಾಕು. “ಆರಾಮ ಆಗ್ತದ್ರಿ ಶೇಠ್ರೆ, ಕಾಲು ಚಾಚ್ಕಂಡು ಬರ್ತೇನೆ” ಎನ್ನುತ್ತಿದ್ದ.

ಈಗ ಬೂಟಿನ ವಿಷಯ. ನಾನು ಮಾಡುತ್ತಿದ್ದ ಓಟದ ಬೂಟು ಅವನ ಕಾಲಿಗೆ ಹಿಡಿಯಲಿಲ್ಲ. ಮುಂಗಾಲಿನಲ್ಲಿ ಕಚ್ಚುತ್ತಿತ್ತು. ನಮ್ಮ ಕಸುಬಿನಲ್ಲಿ ಬೂಟು ಹುಟ್ಟುವುದು ಮರದ ಅಚ್ಚಿನ ಮೇಲೆ, ಫರ್ಮಾ ಅನ್ನುತ್ತಾರೆ. ನನ್ನ ಫರ್ಮಾಗಳೆಲ್ಲ ಯಾವುದೋ ವಿಲಾಯಿತಿ ಕಾಲಿನ ನಕಲು. ಬೆರಳಿನ ಹತ್ತಿರ ಇಕ್ಕಟ್ಟು. ಅವನ ಪಾದವನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಅಳತೆ ತೆಗೆದೆ. ಅವನು ಸಂಕೋಚದಿಂದ ಎರಡು ಸಲ ಕಾಲು ಎಳೆದುಕೊಂಡ. “ಬಿಡಿ ಶೇಠ್ರೆ, ನೀವು ನನ್ ಕಾಲು ಹಿಡೀಬಾರ್ದು” ಎಂದ. “ಚಪ್ಪಲಿ ಮಾಡುವವ ಅಂತ ನನ್ನ ಜಾತಿಯವರು ನನ್ನನ್ನು ಮದುವೆಯಲ್ಲಿ ಹಿಂದಿನ ಪಂಕ್ತಿಗೆ ಕೂರಿಸ್ತಾರೆ ಮಾರಾಯ, ನನಗೆ ಇನ್ನೇನು ಹೋಗ್ಲಿಕ್ಕುಂಟು? ಕಾಲು ಕೊಡು” ಎಂದೆ. ಆ ಅಳತೆಯ ಮೇಲೆ ಹೊಸ ಫರ್ಮಾ ಕೆತ್ತಿಸಿದೆ. ಅದರ ಬೂಟು ಎಷ್ಟು ಹಗುರವಾಗಿ ಕೂತಿತೆಂದರೆ, ಆರೇ ರಸ್ತೆಯಲ್ಲಿ ಅವನ ಜೊತೆ ಓಡುವ ಪೊಲೀಸ್ ಪೇದೆಗಳು, ಗಿರಣಿ ಕಾರ್ಮಿಕರು ತಮಗೂ ಬೇಕು ಅಂದರು. ನಮ್ಮ ಜನರ ಕಾಲೆಲ್ಲ ಹಾಗೇ ಅಗಲ. ನಾವೇ ವಿಲಾಯಿತಿ ಅಚ್ಚಿಗೆ ತುರುಕಿಕೊಂಡಿದ್ದೆವು.

ಹೀಗೆ ಧೈರ್ಯ ಬಂದು, ಅವನು ಓಡುತ್ತಿರುವ ಫೋಟೋ ತೆಗೆಸಿ, ಡಬ್ಬಿಯ ಮುಚ್ಚಳಕ್ಕೆ ಹಾಕುವುದೆಂದು ನಮ್ಮ ಹೋಲ್‌ಸೇಲ್ ವ್ಯಾಪಾರಿ ಜಮನಾದಾಸ್ ಶೇಠ್ ಹತ್ತಿರ ಒಯ್ದೆ. ನನ್ನ ಮಾಲಿನಲ್ಲಿ ಮುಕ್ಕಾಲು ಭಾಗ ಕೊಳ್ಳುವವರು ಅವರೇ.

“ಯೇ ಕೌನ್ ಹೈ, ಅಣ್ಣುಭಾಯ್?”

“ನಮ್ಮ ಹುಡುಗ ಶೇಠ್‌ಜೀ. ಯಲ್ಲಾಪುರ.”

“ಯಲ್ಲಾಪುರ್? ಕೊಲ್ಹಾಪುರ್ ಕೆ ಪಾಸ್?”

ಅಲ್ಲ ಎಂದು ವಿವರಿಸಿದೆ. ಅವರು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ವ್ಯಾಪಾರದ ಪಾಠ ಹೇಳಿದರು. ಯಲ್ಲಾಪುರದ ಕರಿಯ ಓಡಿದರೆ ಜನ ಕಾಡಿನವನು ಓಡಿದ ಅನ್ನುತ್ತಾರೆ, ಕೆನ್ಯಾದ ಕರಿಯ ಓಡಿದರೆ ಚಾಂಪಿಯನ್ ಓಡಿದ ಅನ್ನುತ್ತಾರೆ. ಅದೇ ಮುಖ, ಅದೇ ಬೂಟು. “ಲೇಕಿನ್ ಜೋಡಿ ಪೇ ಬಾರಾ ರೂಪಯಾ ಜ್ಯಾದಾ. ಸೋಚೋ.” ಜೋಡಿಗೆ ಹನ್ನೆರಡು ರೂಪಾಯಿ ಹೆಚ್ಚು, ಯೋಚಿಸು ಅಂತ.

ಈ ಊರಿನ ಪದ್ಧತಿ ನಿನಗೆ ಗೊತ್ತು. ಧಾರಾವಿಯಲ್ಲಿ ಹೊಲಿದ ಚೀಲಕ್ಕೂ ಫಾರಿನ್ ಹೆಸರು ಹಚ್ಚುತ್ತಾರೆ, ಯಾರೂ ಅದನ್ನು ಸುಳ್ಳು ಎನ್ನುವುದಿಲ್ಲ, ಲೇಬಲ್ ಅನ್ನುತ್ತಾರೆ. ಬಸ್ತ್ಯಾಂವನನ್ನು ಇಂಗ್ಲಿಷಿನ ಸೆಬಾಸ್ಟಿಯನ್ ಮಾಡಿ, ಡಬ್ಬಿಯ ಮೇಲೆ ಅವನ ಚಿತ್ರದ ಕೆಳಗೆ ‘ಚಾಂಪಿಯನ್ ಸೆಬಾಸ್ಟಿಯನ್, ಕೆನ್ಯಾ’ ಎಂದು ಅಚ್ಚಾಯಿತು.

ಮೊದಲ ಡಬ್ಬಿ ಬಂದ ದಿನ ಬಸ್ತ್ಯಾಂವ ಅದನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಓದಿದ. “ಇಂವ ಯಾರ್ರಿ ಶೇಠ್ರೆ? ಥೇಟ್ ನನ್ ಹಂಗೇ ಕಾಣ್ತಾನಲ್ಲ” ಎಂದ. ನಾನು ನಕ್ಕೆ. ಅವನೂ ನಕ್ಕ, ಆದರೆ ಸ್ವಲ್ಪ ತಡವಾಗಿ.

ಎಂಬತ್ತೊಂಬತ್ತರ ಜನವರಿಯಲ್ಲಿ ಬೊರಿವಲಿಯಿಂದ ಜೋಗೇಶ್ವರಿವರೆಗೆ ಹೈವೇಯ ಮೇಲೆ ಹನ್ನೆರಡು ಕಿಲೋಮೀಟರ್ ಓಟ. ಮೊದಲು ಬಂದ ಭಾರತೀಯನಿಗೆ ಒಂದು ದೊಡ್ಡ ಕಂಪನಿಯಲ್ಲಿ ಕಾಯಂ ನೌಕರಿ, ಅದೂ ಆಟಗಾರರ ಕೋಟಾದಲ್ಲಿ, ಕ್ವಾರ್ಟರ್ಸ್ ಸಮೇತ. ಬಸ್ತ್ಯಾಂವ ಬೇರೆ ಏನನ್ನೂ ಬಯಸಿದವನಲ್ಲ. ನಾನು ಓಟ ಮುಗಿಯುವ ಗೆರೆಯ ಹತ್ತಿರ ಕೈಗಡಿಯಾರ ಹಿಡಿದು ನಿಂತಿದ್ದೆ. ಎರಡನೆಯವನಿಗಿಂತ ಒಂದೂವರೆ ನಿಮಿಷ ಮುಂಚೆ ಬಂದ. ಉಸಿರೂ ಜಾಸ್ತಿ ಏರಿರಲಿಲ್ಲ.

ಓಟದ ಸಮಿತಿಯ ಕಾರ್ಯದರ್ಶಿ ಜಯಸಿಂಹ ಎಂಬವರು ಮೈಸೂರಿನ ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಆಫೀಸರು, ಮಾಟುಂಗದ ಕನ್ನಡ ಕಾರ್ಯಕ್ರಮಗಳಲ್ಲಿ ಮೊದಲ ಸಾಲಿನವರು. ಅವರು ಬಂದು ಇವನ ಕೈಕುಲುಕಿ ಇಂಗ್ಲಿಷಿನಲ್ಲಿ ಪಾಸ್‌ಪೋರ್ಟ್ ಕೇಳಿದರು.

“ಅದು ನನ್ ಹತ್ರ ಇಲ್ಲ ಸರ್” ಎಂದ ಬಸ್ತ್ಯಾಂವ.

ಜಯಸಿಂಹರು ಪಕ್ಕದವರ ಕಡೆ ತಿರುಗಿ, “ಆಫ್ರಿಕಾದವನಾದ್ರೂ ಎಷ್ಟು ಸೊಗಸಾಗಿ ಕನ್ನಡ ಮಾತಾಡ್ತಾನೆ ನೋಡಿ, ನಮ್ಮ ಮಕ್ಕಳಿಗೆ ಬರೋಲ್ಲ” ಅಂದರು. ಹೊಗಳಿಕೆಯೇ ಅದು, ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ.

“ನಮ್ ಮಾಸ್ತರ್ರು ಕಲಿಸಿದ್ದು ಸರ್. ಹೊಡೆದೇ ಕಲಿಸಿದ್ದು. ಯಲ್ಲಾಪುರ ನನ್ ಊರು.”

ಅಷ್ಟರಲ್ಲಿ ಎರಡನೆಯವನ ಕ್ಲಬ್ಬಿನವರು ನನ್ನ ಡಬ್ಬಿ ಹಿಡಿದುಕೊಂಡು ಬಂದರು. ಮುಚ್ಚಳ ತೋರಿಸಿ, ಇವನು ಕೆನ್ಯಾದವನು, ಇಲ್ಲೇ ಬರೆದಿದೆ, ಭಾರತೀಯರ ಬಹುಮಾನ ಇವನಿಗೆ ಸಲ್ಲದು ಎಂದು ದೂರು ಬರೆದುಕೊಟ್ಟರು. ಜಯಸಿಂಹರು ಇವನಿಗೆ ಜನ್ಮದಾಖಲೆ ಕೇಳಿದರು. ಇವನು ಏನು ಹೇಳಿದ ಗೊತ್ತೇ? ಎರಡನೆಯವನತ್ತ ಬೆರಳು ಮಾಡಿ, “ಅವನ್ನೂ ಕೇಳ್ರಿ ಸರ್. ಎಲ್ಲಾರ್ನೂ ಕೇಳಿ ಆದ್ಮೇಲೆ ನನ್ನ ಕೇಳ್ರಿ. ನಾ ಬ್ಯಾಡ ಅನ್ನೂದಿಲ್ಲ” ಎಂದ. ಎರಡನೆಯವನನ್ನು ಯಾರೂ ಕೇಳಲಿಲ್ಲ. ಅವನ ಮುಖವೇ ಅವನ ದಾಖಲೆಯಾಗಿತ್ತು.

ಫೆಬ್ರುವರಿಯಲ್ಲಿ ಮಾಟುಂಗದಲ್ಲಿ ವಿಚಾರಣೆ. ಅಲ್ಲಿ ಬಸ್ತ್ಯಾಂವ, ಕೆನ್ಯಾ ಎಂದು ತಾನೇ ಹೇಳಿದ್ದಾಗಿ ಒಪ್ಪಿಕೊಂಡ. ಇದು ನಿನ್ನ ಕಿವಿಗೂ ಬಿದ್ದಿದೆ, ನಿಜವೂ ಹೌದು. ಹಾಗಾಗಿ ಸಮಿತಿಯವರು, ನೀನು ಭಾರತೀಯನೇ ಇದ್ದರೂ ಸುಳ್ಳು ಹೇಳಿ ಹೆಸರು ಮಾಡಿಕೊಂಡೆ ಎಂದು ಎರಡು ವರ್ಷ ಓಡಬಾರದೆಂದು ತೀರ್ಮಾನ ಕೊಟ್ಟರು. ನೌಕರಿ ಎರಡನೆಯವನಿಗೆ ಹೋಯಿತು.

ಮುಂದಿನ ತಿಂಗಳು ನಿನ್ನ ಕಾಗದ ಅವನಿಗೆ ಬಂತು. ‘ಹುಟ್ಟಿದ ಊರನ್ನು ಮಾರಿಕೊಂಡವನು ನನ್ನ ಶಿಷ್ಯನಲ್ಲ, ಶಾಲೆಯ ಸರ್ಟಿಫಿಕೇಟು ಕೇಳಿಕೊಂಡು ನನ್ನ ಬಾಗಿಲಿಗೆ ಬರಬೇಡ.’ ಅವನು ಅದನ್ನು ಮೆಷಿನ್ನಿನ ಪಕ್ಕ ನಿಂತೇ ಓದಿ, ಮಡಿಚಿ ಜೇಬಿಗೆ ಹಾಕಿ, ಸೋಲ್ ಒತ್ತುತ್ತ ಹೋದ. ಆ ದಿನ ಅವನು ಒತ್ತಿದ ಒಂದು ಜೋಡಿಯೂ ಕೆಡಲಿಲ್ಲ.

ಆದರೆ ಅವನ ಆ ಮಾತು ನನ್ನನ್ನು ಬಿಡಲಿಲ್ಲ. ಎಲ್ಲರನ್ನೂ ಕೇಳಿ, ಆಮೇಲೆ ನನ್ನನ್ನು ಕೇಳಿ. ಅದನ್ನೇ ಅರ್ಜಿಯಾಗಿ ಟೈಪ್ ಮಾಡಿಸಿದೆ. ಅವನ ಜೊತೆ ಓಡುವ ಮೂವತ್ತೇಳು ಜನ ಸಹಿ ಹಾಕಿದರು. ಜಯಸಿಂಹರು ಮೊದಲು, “ನಮ್ಮಲ್ಲಿ ಆ ಥರದ ಭೇದಭಾವ ಇಲ್ಲವೇ ಇಲ್ಲ ಅಣ್ಣು ಅವರೇ, ಅದೆಲ್ಲ ವಿದೇಶದ ಸಮಸ್ಯೆ” ಎಂದರು. “ಹಾಗಾದ್ರೆ ಒಂದು ಗೆರೆ ಬರೆದು ಹಾಕ್ಲಿಕ್ಕೆ ಖರ್ಚೇನು ಸರ್? ಇಲ್ಲದ ರೋಗಕ್ಕೆ ಮದ್ದು ಕುಡಿದ್ರೆ ಯಾರೂ ಸಾಯೋದಿಲ್ಲ” ಎಂದೆ. ಎಂಟು ತಿಂಗಳು ಓಡಾಡಿದ ಮೇಲೆ ಮಣಿದರು. ಹೆಸರು ಕೊಡುವಾಗಲೇ ಪ್ರತಿಯೊಬ್ಬರೂ ಒಂದೇ ದಾಖಲೆ ಕೊಡಬೇಕು. ಓಟ ಮುಗಿದ ಮೇಲೆ ಮುಖ ನೋಡಿ ಯಾರನ್ನೂ ಏನನ್ನೂ ಕೇಳುವಂತಿಲ್ಲ. ಈ ನಿಯಮ ತೊಂಬತ್ತರ ಓಟದಿಂದ ಜಾರಿಗೆ ಬಂತು. ಅದೇ ಹೊತ್ತಿಗೆ ನಾನು ಉಳಿದ ಸಾವಿರದ ನೂರು ಡಬ್ಬಿಗೆ ‘ಬಸ್ತ್ಯಾಂವ ಸಿದ್ದಿ, ಯಲ್ಲಾಪುರ’ ಎಂಬ ಪಟ್ಟಿ ಅಂಟಿಸಿದೆ. ಆರುನೂರು ಜೋಡಿಯನ್ನು ಜಮನಾದಾಸ್ ಶೇಠ್ ವಾಪಸು ಕಳಿಸಿದರು.

ಈ ವರ್ಷದ ಓಟಕ್ಕೆ ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಕೂತವನು ಯಾರು ಬಲ್ಲೆಯಾ? ಬಸ್ತ್ಯಾಂವನೇ. ಓಡುವಂತಿಲ್ಲ, ಕೂರಬಹುದಲ್ಲ ಎಂದು ಓಟಗಾರರೇ ಪಟ್ಟು ಹಿಡಿದರು. ಜಯಸಿಂಹರ ಮಗ ಬರಿಗೈಯಲ್ಲಿ ಬಂದ. “ಕಾಗದ?” ಎಂದ ಇವನು. “ಅಂಕಲ್, ಪಪ್ಪಾ ಸೆಕ್ರೆಟರಿ ಹೈ ನಾ!” “ಪಪ್ಪಾಗೆ ಇಲ್ಲಿ ಓಟ ಇಲ್ಲ. ನೀನು ಓಡೂದು. ಕಾಗದ ತಗೊಂಡ್ ಬಾ.” ಹುಡುಗ ಮನೆಗೆ ಹೋಗಿ ತಂದ. ತಂದ ಮೇಲೆ ಇವನೇ ಎದ್ದು ಅವನ ಬೆನ್ನಿಗೆ ನಂಬರ್ ಚುಚ್ಚಿ ಕಳಿಸಿದ.

ಈಗ ಮುಖ್ಯ ಮಾತು. ಅವನ ನಿಷೇಧ ಮುಗಿದಿದೆ. ಅದೇ ಕಂಪನಿ ಏಪ್ರಿಲ್ ಇಪ್ಪತ್ತಕ್ಕೆ ಮತ್ತೆ ಓಟಗಾರರನ್ನು ಆರಿಸುತ್ತಿದೆ. ಮೇ ತಿಂಗಳಿಗೆ ಇವನಿಗೆ ಇಪ್ಪತ್ತಾರು ತುಂಬುತ್ತದೆ, ಆಮೇಲೆ ಆ ಬಾಗಿಲು ಇಲ್ಲ. ಹುಟ್ಟಿದ ಊರು, ತಾರೀಖು ಇರುವ ಶಾಲೆಯ ಸರ್ಟಿಫಿಕೇಟು ಏಪ್ರಿಲ್ ಹತ್ತರೊಳಗೆ ಬೇಕು. ಅವನು ನಿನಗೆ ಬರೆಯುವುದಿಲ್ಲ. ಬರಬೇಡ ಎಂದು ನೀನು ಬರೆದಿದ್ದೀಯ, ಅವನು ನಿನ್ನ ಮಾತು ಮೀರಿದವನಲ್ಲ. ನೀನೇ ಹೆಡ್‌ಮಾಸ್ತರರ ಸಹಿ ಹಾಕಿಸಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸು. ಎರಡು ವರ್ಷದ ಮುನಿಸು ಸಾಕು, ಶೆಟ್ಟೆಪ್ಪ.

ನಿನ್ನ ಮಗಳ ಹೆರಿಗೆ ಸುಸೂತ್ರವಾಗಲಿ, ತಾಯಿ ಮಗು ತುಂಬು ಆಯುಷ್ಯದಿಂದ ಬಾಳಲಿ. ನಿನ್ನ ಮೈದಾನದಲ್ಲಿ ಇನ್ನೂ ನೂರು ಕಾಲುಗಳು ಓಡಲಿ. ನಿನ್ನವಳಿಗೆ ವಾರಿಜಾಳ ನೆನಪುಗಳು.

ಇತಿ ನಿನ್ನ,
ಅಣ್ಣು

ತಾ.ಕ.: ಲಕೋಟೆ ಅಂಟಿಸುವ ಮುಂಚೆ ವಾರಿಜಾ ಓದಿದಳು. ಓದಿ, “ಇಷ್ಟೆಲ್ಲ ಬರ್ದು ಅದೊಂದನ್ನು ಬಿಟ್ಟಿದ್ದೀರಲ್ಲ ಮಾರಾಯ್ರೆ. ಹಾಗಾದ್ರೆ ಸ್ಟಾಂಪು ಯಾಕೆ ದಂಡ?” ಎಂದು ಕಾಗದವನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಬರೆಯುತ್ತೇನೆ.

ವಿಚಾರಣೆಯ ದಿನ ಜಯಸಿಂಹರು ಮೊದಲು ಕೇಳಿದ್ದು ಬಸ್ತ್ಯಾಂವನನ್ನಲ್ಲ, ನನ್ನನ್ನು. “ಅಣ್ಣು ಅವರೇ, ಡಬ್ಬಿ ನಿಮ್ಮದು. ಕೆನ್ಯಾ ಅಂತ ಬರೆಸಿದ್ದು ಯಾರು?” ಡಬ್ಬಿಯ ಮಾಲು ಮಾರುವವರೆಂದು ಸಮಿತಿಯವರು ಕರೆಸಿದ್ದ ಜಮನಾದಾಸ್ ಶೇಠ್ ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ಅವರ ಚೀಲದಲ್ಲಿ ಮೂರು ಸಾವಿರ ಜೋಡಿಯ ಆರ್ಡರು ಸಹಿಗೆ ಕಾಯುತ್ತಿತ್ತು. ನಾನು ಹೇಳಿದೆ: “ಅವನೇ ಹೇಳಿದ್ದು ಸರ್. ನಾನು ನಂಬಿದೆ.” ಅಚ್ಚ ಕನ್ನಡದಲ್ಲಿ ಹೇಳಿದೆ, ಒಂದು ಅಕ್ಷರವೂ ಅವನಿಗೆ ತಪ್ಪದ ಹಾಗೆ.

ಬಸ್ತ್ಯಾಂವ ನನ್ನ ಮುಖ ನೋಡಿದ. ಶೇಠರ ಚೀಲ ನೋಡಿದ. ಆಮೇಲೆ, “ಹೌದ್ರಿ, ನಾನೇ ಹೇಳಿದ್ದು” ಎಂದ.

ವಾಪಸು ಬರುವಾಗ ಟ್ರೇನಿನ ಬಾಗಿಲಲ್ಲಿ ನಿಂತು, ಯಾಕೆ ಹಾಗಂದೆ ಎಂದು ಕೇಳಿದೆ. ಕೇಳುವ ಬಾಯಾದರೂ ನನಗೆ ಹೇಗಿತ್ತೋ! ಅವನೆಂದ: “ನೀವು ಆಗ್ಲೇ ಹೇಳಿಬಿಟ್ಟಿದ್ರಲ್ಲ ಶೇಠ್ರೆ. ಇಬ್ರೂ ಬೇರೆಬೇರೆ ಹೇಳಿದ್ರೆ ಇಬ್ರನ್ನೂ ಸುಳ್ಳರು ಅಂತಿದ್ರು. ಕಾರ್ಖಾನೆಲಿ ಹನ್ನೊಂದು ಜನ ಇದಾರೆ, ಎಲ್ಲಾರೂ ಉಣ್ಬೇಕಲ್ಲ.” ಅಷ್ಟು ಹೇಳಿ, ಅಂಧೇರಿಯಲ್ಲಿ ಇಳಿಯುವವರಿಗೆ ಜಾಗ ಬಿಟ್ಟ. ಆಮೇಲೆ ಈ ಎರಡು ವರ್ಷದಲ್ಲಿ ಅದರ ಮಾತೇ ಎತ್ತಿಲ್ಲ. ನಿನ್ನ ಕಾಗದಕ್ಕೂ ಉತ್ತರ ಬರೆದು ತನ್ನನ್ನು ಉಳಿಸಿಕೊಳ್ಳಲಿಲ್ಲ, ಬರೆದರೆ ನನ್ನ ಹೆಸರು ಹೇಳಬೇಕಾಗಿತ್ತು.

ಅರ್ಜಿ, ಸಹಿ, ಪಟ್ಟಿ, ಇಪ್ಪತ್ತಾರು ಸಲದ ಮಾಟುಂಗ, ಎಲ್ಲವನ್ನೂ ಮಾಡಿದೆ, ಆ ಒಂದು ಮಾತನ್ನು ಹೇಳುವುದನ್ನು ಬಿಟ್ಟು. ನಿನಗೆ ಮೂರು ಕಾಗದಕ್ಕೂ ಉತ್ತರ ಬರೆಯದಿದ್ದದ್ದು ಅದಕ್ಕೇ. ಈಗ ಅದನ್ನೇ ಬರೆದು ಸಹಿ ಹಾಕಿದ್ದೇನೆ. ಒಂದು ಪ್ರತಿ ಇದರೊಳಗಿದೆ, ಇನ್ನೊಂದನ್ನು ನಾಳೆ ಜಯಸಿಂಹರ ಕೈಗೆ ಕೊಡುತ್ತೇನೆ. ನಿನ್ನ ಮುನಿಸು ನನ್ನ ಪಾಲಿನದು, ಅವನಿಂದ ತೆಗೆದು ನನಗೆ ಕೊಡು.

ಯಾರಿಗೆ ಏನು ದಕ್ಕಿತು ಅಂತ ಕೇಳಿದರೆ: ಜಮನಾದಾಸ್ ಶೇಠರಿಗೆ ಜೋಡಿಗೆ ಹನ್ನೆರಡು ರೂಪಾಯಿ. ಎರಡನೆಯವನಿಗೆ ಕಾಯಂ ನೌಕರಿ, ಕ್ವಾರ್ಟರ್ಸ್. ಜಯಸಿಂಹರಿಗೆ, ಹೊಸ ನಿಯಮ ತಂದವರೆಂದು ಸಂಘದಲ್ಲಿ ಒಂದು ಶಾಲು. ಮುಂದೆ ಓಡುವವರಿಗೆ ಒಂದು ಗೆರೆಯ ನಿಯಮ. ನನಗೆ ಮೂರು ಸಾವಿರ ಜೋಡಿಯ ಆರ್ಡರು. ಬಸ್ತ್ಯಾಂವನಿಗೆ ನಿನ್ನ ಆ ಒಂದು ಕಾಗದ.